ಚಾಂದ್ರ ಅನುರಣನ ಕಕ್ಷೆಗಳು

ಒಂದು ಸುತ್ತಿಗೆ ಹಿಡಿಯುವ ಕಾಲವು ಚಂದ್ರನ ತಿಂಗಳೊಡನೆ ಸರಳ ಪೂರ್ಣಾಂಕಗಳ ಅನುಪಾತದಲ್ಲಿ ಇರುವ ವ್ಯೋಮನೌಕೆಯ ಕಕ್ಷೆಗೆ ಚಾಂದ್ರ ಅನುರಣನ ಕಕ್ಷೆ ಎಂದು ಹೆಸರು. ನೌಕೆ ಭೂಮಿಯನ್ನು ಸುತ್ತುತ್ತಿರಬಹುದು, ಚಂದ್ರನನ್ನೇ ಸುತ್ತುತ್ತಿರಬಹುದು; ಗೊತ್ತಾದಷ್ಟು ಸುತ್ತುಗಳಾದ ಮೇಲೆ ಭೂಮಿ, ಚಂದ್ರ ಮತ್ತು ನೌಕೆಯ ಪರಸ್ಪರ ಸ್ಥಾನ ಮೊದಲಿನಂತೆಯೇ ಬರುತ್ತದೆ. ಈ ಪುನರಾವರ್ತನೆಯಿಂದ ಎರಡು ಬಗೆಯ ಫಲಗಳಿವೆ. ಚಂದ್ರನ ಸೆಳೆತಗಳು ಒಂದನ್ನೊಂದು ರದ್ದುಮಾಡುವಂತೆ ಜೋಡಿಸಿದರೆ ಕಕ್ಷೆ ಬಹುಕಾಲ ಸ್ಥಿರವಾಗಿರುತ್ತದೆ; ಅವು ಒಂದಕ್ಕೊಂದು ಕೂಡುವಂತೆ ಜೋಡಿಸಿದರೆ ಇಂಧನವಿಲ್ಲದೆಯೇ ಕಕ್ಷೆಯ ಗಾತ್ರ ಮತ್ತು ದಿಕ್ಕನ್ನು ಬದಲಿಸಬಹುದು. ಕರ್ನಾಟಕದಲ್ಲಿ ಈ ವಿಷಯಕ್ಕೆ ನೇರ ಸಂಬಂಧವಿರುವುದು ಬೆಂಗಳೂರಿನ ಇಸ್ರೋ ಕೇಂದ್ರಗಳಿಗೆ ಮತ್ತು ಬ್ಯಾಲಾಳಿನ ಆಂಟೆನಾ ನೆಲೆಗೆ. ಚಂದ್ರಯಾನ-3ರ ನೋದನ ಘಟಕ 2023ರಿಂದ 2025ರವರೆಗೆ ಸಾಗಿದ ಹಾದಿಯು ಇದಕ್ಕೆ ಹತ್ತಿರದ ಭಾರತೀಯ ಉದಾಹರಣೆ.

ಪಾರಿಭಾಷಿಕ ಪದಗಳು

ನಾಕ್ಷತ್ರ ಮಾಸ: ನಕ್ಷತ್ರಗಳ ಹಿನ್ನೆಲೆಯಲ್ಲಿ ಚಂದ್ರ ಒಂದು ಸುತ್ತು ಮುಗಿಸುವ ಕಾಲ, 27.32 ದಿನ. ಪಂಚಾಂಗದ 27 ನಕ್ಷತ್ರಗಳ ವಿಭಾಗ ಇದನ್ನು ಅನುಸರಿಸುತ್ತದೆ.

ಚಾಂದ್ರಮಾಸ: ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗಿನ ಕಾಲ, 29.53 ದಿನ. ಪಂಚಾಂಗದ 30 ತಿಥಿಗಳು ಇದರ ಭಾಗಗಳು. ಭೂಮಿ ಸೂರ್ಯನ ಸುತ್ತ ಮುಂದೆ ಸಾಗಿರುವುದರಿಂದ ಇದು ನಾಕ್ಷತ್ರ ಮಾಸಕ್ಕಿಂತ ಎರಡು ದಿನಕ್ಕೂ ಹೆಚ್ಚು ಉದ್ದ.

ಸಮೀಪ ಬಿಂದು, ದೂರ ಬಿಂದು: ದೀರ್ಘವೃತ್ತಾಕಾರದ ಕಕ್ಷೆಯಲ್ಲಿ ನೌಕೆಯು ಕೇಂದ್ರ ಕಾಯಕ್ಕೆ ಅತಿ ಹತ್ತಿರ ಮತ್ತು ಅತಿ ದೂರ ಇರುವ ಸ್ಥಾನಗಳು.

ಪ್ರಭಾವ ವಲಯ: ನೌಕೆಯ ಚಲನೆಯನ್ನು ಲೆಕ್ಕಹಾಕುವಾಗ ಚಂದ್ರನನ್ನೇ ಕೇಂದ್ರವಾಗಿ ಹಿಡಿಯುವುದು ಅನುಕೂಲವಾಗುವ ಪ್ರದೇಶ. ಇದು ಚಂದ್ರನ ಸುತ್ತ ಸುಮಾರು 66,000 ಕಿ.ಮೀ.ವರೆಗೆ ಇದೆ.

ಫ್ಲೈಬೈ: ಕಕ್ಷೆಗೆ ಇಳಿಯದೆ ಚಂದ್ರನ ಪಕ್ಕದಲ್ಲಿ ಹಾದುಹೋಗುವುದು. ಈ ವೇಳೆ ಚಂದ್ರನ ಗುರುತ್ವದಿಂದ ನೌಕೆಯ ವೇಗ ಮತ್ತು ದಿಕ್ಕು ಬದಲಾಗುವುದಕ್ಕೆ ಗುರುತ್ವ ನೆರವು ಎನ್ನುತ್ತಾರೆ.

ಅನುಪಾತ: ಈ ಲೇಖನದಲ್ಲಿ ಮೊದಲ ಅಂಕಿ ನೌಕೆಯ ಸುತ್ತುಗಳನ್ನು, ಎರಡನೆಯದು ಚಂದ್ರನ ಸುತ್ತುಗಳನ್ನು ಅಥವಾ ತಿಂಗಳುಗಳನ್ನು ಸೂಚಿಸುತ್ತದೆ. 2:1 ಎಂದರೆ ಚಂದ್ರ ಒಂದು ಸುತ್ತು ಬರುವಷ್ಟರಲ್ಲಿ ನೌಕೆಯದು ಎರಡು ಸುತ್ತು.

ಹಿನ್ನೆಲೆ

ಯೊಹಾನೆಸ್ ಕೆಪ್ಲರ್ 1619ರಲ್ಲಿ ಪ್ರಕಟಿಸಿದ ಮೂರನೆಯ ನಿಯಮವು ಕಕ್ಷೆಯ ಗಾತ್ರಕ್ಕೂ ಸುತ್ತಿನ ಅವಧಿಗೂ ಇರುವ ಸಂಬಂಧವನ್ನು ಹೇಳಿತು: ಅವಧಿಯ ವರ್ಗವು ಅರೆ ದೀರ್ಘಾಕ್ಷದ (ದೀರ್ಘವೃತ್ತದ ಉದ್ದನೆಯ ಅಕ್ಷದ ಅರ್ಧದ) ಘನಕ್ಕೆ ಅನುಪಾತದಲ್ಲಿರುತ್ತದೆ. ಬೇಕಾದ ಅವಧಿಗೆ ಎಷ್ಟು ದೊಡ್ಡ ಕಕ್ಷೆ ಬೇಕು ಎಂಬ ಲೆಕ್ಕಕ್ಕೆ ಇಂದಿಗೂ ಇದೇ ಆಧಾರ.

ಪ್ರಕೃತಿಯಲ್ಲಿರುವ ಅನುರಣನಗಳ ಅಧ್ಯಯನ ನೌಕೆಗಳಿಗಿಂತ ಬಹಳ ಹಿಂದಿನದು. ಗುರುಗ್ರಹದ ಉಪಗ್ರಹಗಳಾದ ಅಯೊ, ಯುರೋಪಾ, ಗ್ಯಾನಿಮೀಡ್ 4:2:1ರ ಅನುಪಾತದಲ್ಲಿ ಸುತ್ತುವುದನ್ನು 18ನೆಯ ಶತಮಾನದಲ್ಲಿ ಲಾಪ್ಲಾಸ್ ಗಣಿತದಿಂದ ವಿವರಿಸಿದ. ಗುರುವಿನೊಡನೆ ಅನುರಣನದಲ್ಲಿರುವ ಕೆಲವು ದೂರಗಳಲ್ಲಿ ಕ್ಷುದ್ರಗ್ರಹಗಳು ವಿರಳವಾಗಿರುವುದನ್ನು ಡೇನಿಯಲ್ ಕರ್ಕ್‌ವುಡ್ 1866ರಲ್ಲಿ ಗುರುತಿಸಿದ. ಅನುರಣನ ಒಂದೆಡೆ ಕಕ್ಷೆಯನ್ನು ಕಾಯಬಲ್ಲದು, ಇನ್ನೊಂದೆಡೆ ಕೆಡಿಸಬಲ್ಲದು ಎಂಬುದು ಈ ಎರಡು ಉದಾಹರಣೆಗಳಿಂದ ತಿಳಿಯುತ್ತದೆ. ಚಂದ್ರ ತನ್ನ ಅಕ್ಷದಲ್ಲಿ ಒಮ್ಮೆ ತಿರುಗುವುದಕ್ಕೂ ಭೂಮಿಯನ್ನು ಒಮ್ಮೆ ಸುತ್ತುವುದಕ್ಕೂ ಒಂದೇ ಕಾಲ ಹಿಡಿಯುವುದು 1:1ರ ಅನುರಣನ. ಅದರ ಒಂದೇ ಮುಖ ಭೂಮಿಗೆ ಕಾಣುವುದು ಇದರಿಂದಲೇ.

ನೌಕೆಗಳ ಪಥಕ್ಕೆ ಚಂದ್ರನ ಗುರುತ್ವವನ್ನು ಮೊದಲು ಬಳಸಿದ್ದು ಸೋವಿಯತ್ ಒಕ್ಕೂಟದ ಲೂನಾ-3. 1959ರ ಅಕ್ಟೋಬರ್‌ನಲ್ಲಿ ಚಂದ್ರನ ಹಿಂಬದಿಯ ಚಿತ್ರ ತೆಗೆದ ಈ ನೌಕೆ, ಚಂದ್ರನ ಸೆಳೆತದಿಂದ ಪಥ ಬಾಗಿ ಭೂಮಿಯ ಕಡೆಗೆ ಮರಳಿತು. 1963ರಲ್ಲಿ ರಿಚರ್ಡ್ ಅರೆನ್‌ಸ್ಟಾರ್ಫ್ ಭೂಮಿ ಮತ್ತು ಚಂದ್ರರ ನಡುವೆ ಮತ್ತೆ ಮತ್ತೆ ಅದೇ ದಾರಿ ಹಿಡಿಯುವ ಆವರ್ತ ಪಥಗಳನ್ನು ಗಣಿತದಿಂದ ತೋರಿಸಿದ. 1978ರಲ್ಲಿ ಉಡಾವಣೆಯಾದ ಐಎಸ್‌ಇಇ-3 ನೌಕೆಯನ್ನು ರಾಬರ್ಟ್ ಫರ್ಕ್ವಾರ್ ರೂಪಿಸಿದ ಯೋಜನೆಯಂತೆ ಚಂದ್ರನ ಪಕ್ಕದಲ್ಲಿ ಐದು ಬಾರಿ ಹಾಯಿಸಲಾಯಿತು. ಕೊನೆಯ ಫ್ಲೈಬೈ 1983ರ ಡಿಸೆಂಬರ್ 22ರಂದು ನಡೆಯಿತು. ಅಲ್ಲಿಂದ ಹೊರಟ ನೌಕೆ 1985ರ ಸೆಪ್ಟೆಂಬರ್‌ನಲ್ಲಿ ಜಾಕೊಬಿನಿ-ಜಿನ್ನರ್ ಧೂಮಕೇತುವನ್ನು ತಲಪಿತು.

ರಚನೆ ಮತ್ತು ಕಾರ್ಯವಿಧಾನ

ಭೂಮಿಯಿಂದ ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಈ ದೂರ ಮತ್ತು 27.32 ದಿನಗಳ ಅವಧಿಯನ್ನು ಕೆಪ್ಲರ್ ನಿಯಮಕ್ಕೆ ಹಾಕಿದರೆ ಭೂಮಿಯನ್ನು ಸುತ್ತುವ ಅನುರಣನ ಕಕ್ಷೆಗಳ ಅಂದಾಜು ಅಳತೆಗಳು ಹೀಗೆ ಬರುತ್ತವೆ:

3:2 — ಅವಧಿ 18.2 ದಿನ, ಅರೆ ದೀರ್ಘಾಕ್ಷ 2.93 ಲಕ್ಷ ಕಿ.ಮೀ.
2:1 — ಅವಧಿ 13.7 ದಿನ, ಅರೆ ದೀರ್ಘಾಕ್ಷ 2.42 ಲಕ್ಷ ಕಿ.ಮೀ.
3:1 — ಅವಧಿ 9.1 ದಿನ, ಅರೆ ದೀರ್ಘಾಕ್ಷ 1.85 ಲಕ್ಷ ಕಿ.ಮೀ.
4:1 — ಅವಧಿ 6.8 ದಿನ, ಅರೆ ದೀರ್ಘಾಕ್ಷ 1.53 ಲಕ್ಷ ಕಿ.ಮೀ.

ಅವಧಿ ಹೊಂದಿದರಷ್ಟೇ ಸಾಲದು, ಚಂದ್ರ ಎಲ್ಲಿದ್ದಾಗ ನೌಕೆ ದೂರ ಬಿಂದುವಿಗೆ ಬರುತ್ತದೆ ಎಂಬುದೂ ಗೊತ್ತಾಗಿರಬೇಕು. 2:1ರ ಕಕ್ಷೆಯಲ್ಲಿ ನೌಕೆ ಒಂದು ಸುತ್ತು ಮುಗಿಸುವಾಗ ಚಂದ್ರ ಅರ್ಧ ಸುತ್ತು, ಅಂದರೆ 180 ಡಿಗ್ರಿ ಸಾಗಿರುತ್ತಾನೆ. ನೌಕೆ ದೂರ ಬಿಂದುವಿನಲ್ಲಿದ್ದಾಗ ಚಂದ್ರ 90 ಡಿಗ್ರಿ ಮುಂದೆ ಇದ್ದರೆ, ಮುಂದಿನ ಬಾರಿ ನೌಕೆ ಅಲ್ಲಿಗೆ ಬಂದಾಗ ಆತ 90 ಡಿಗ್ರಿ ಹಿಂದೆ ಇರುತ್ತಾನೆ. ಮೊದಲ ಸಲ ಮುಂದಕ್ಕೆ ಎಳೆದದ್ದನ್ನು ಎರಡನೆಯ ಸಲ ಹಿಂದಕ್ಕೆ ಎಳೆಯುವುದರಿಂದ ಬದಲಾವಣೆಗಳು ಬಹುಮಟ್ಟಿಗೆ ಸರಿದೂಗುತ್ತವೆ. ಅವಧಿ ತುಸು ಹೆಚ್ಚುಕಡಿಮೆಯಾದರೂ ಚಂದ್ರನ ಸೆಳೆತವೇ ಅದನ್ನು ಮತ್ತೆ ಸರಾಸರಿಗೆ ತರುತ್ತದೆ. ಸಮೀಪ ಬಿಂದುವಿನ ಎತ್ತರ ಮತ್ತು ಕಕ್ಷೆಯ ಓರೆಕೋನ (ಕಕ್ಷೆಯ ತಲದ ವಾಲಿಕೆ) ವರ್ಷಗಳ ಅವಧಿಯಲ್ಲಿ ಏರಿಳಿದರೂ ಒಂದು ಮಿತಿಯೊಳಗೆ ಉಳಿಯುತ್ತವೆ.

ನೌಕೆ ಪ್ರತಿ ಬಾರಿ ಚಂದ್ರನ ಹತ್ತಿರವೇ ಬರುವಂತೆ ಕಾಲವನ್ನು ಹೊಂದಿಸಿದರೆ ಪರಿಣಾಮ ಇದಕ್ಕೆ ವಿರುದ್ಧ. ಆಗ ಪ್ರತಿ ಭೇಟಿಯ ಎಳೆತವೂ ಒಂದೇ ದಿಕ್ಕಿನಲ್ಲಿ ಕೂಡುತ್ತ ಹೋಗುತ್ತದೆ. ಚಂದ್ರನ ಹಿಂದಿನಿಂದ ಹಾದರೆ ನೌಕೆ ಶಕ್ತಿ ಪಡೆಯುತ್ತದೆ, ಮುಂದಿನಿಂದ ಹಾದರೆ ಕಳೆದುಕೊಳ್ಳುತ್ತದೆ. ಹೀಗೆ ಒಂದು ಅನುಪಾತದ ಕಕ್ಷೆಯಿಂದ ಇನ್ನೊಂದಕ್ಕೆ ಹಂತಹಂತವಾಗಿ ದಾಟುವುದಕ್ಕೆ ಅನುರಣನ ಜಿಗಿತ ಎಂದು ಹೆಸರು.

ಬಗೆಗಳು

ಭೂಕೇಂದ್ರಿತ ಸ್ಥಿರ ಕಕ್ಷೆಗಳು: ಭೂಮಿಯ ಸುತ್ತ ಉದ್ದನೆಯ ದೀರ್ಘವೃತ್ತದಲ್ಲಿ ತಿರುಗುತ್ತ ಚಂದ್ರನಿಂದ ಸದಾ ದೂರ ಉಳಿಯುವ ಕಕ್ಷೆಗಳು. 2:1 ಮತ್ತು 3:1 ಇವುಗಳಲ್ಲಿ ಬಳಕೆಗೆ ಬಂದಿರುವ ಅನುಪಾತಗಳು.

ಭೂಕೇಂದ್ರಿತ ಫ್ಲೈಬೈ ಕಕ್ಷೆಗಳು: ಪೂರ್ಣ ಸಂಖ್ಯೆಯ ತಿಂಗಳುಗಳ ನಂತರ ಚಂದ್ರನನ್ನು ಮತ್ತೆ ಸಂಧಿಸುವ ಕಕ್ಷೆಗಳು. ಪಥ ಬದಲಾವಣೆಗೆ ಇವು ಬಳಕೆಯಾಗುತ್ತವೆ. ಸ್ವಭಾವತಃ ಅಸ್ಥಿರವಾದ್ದರಿಂದ ಆಗಾಗ ತಿದ್ದುಪಡಿ ಬೇಕು.

ಸರಳರೇಖೆಗೆ ಸಮೀಪದ ಹೇಲೊ ಕಕ್ಷೆಗಳು: ಭೂಮಿ ಮತ್ತು ಚಂದ್ರ ಎರಡರ ಗುರುತ್ವವೂ ಸೇರಿ ರೂಪಿಸುವ, ಚಂದ್ರನ ಧ್ರುವಗಳ ಮೇಲೆ ಹಾಯುವ ಬಹಳ ನೀಳವಾದ ಕಕ್ಷೆಗಳು. ಇವುಗಳಲ್ಲಿ ಹೆಸರಾದದ್ದು 9:2ರ ಕಕ್ಷೆ. ಎರಡು ಚಾಂದ್ರಮಾಸಗಳಲ್ಲಿ, ಅಂದರೆ 59.06 ದಿನಗಳಲ್ಲಿ, ನೌಕೆ ಒಂಬತ್ತು ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಸುಮಾರು ಆರೂವರೆ ದಿನ. ಇಲ್ಲಿ ಅನುಪಾತ ನಾಕ್ಷತ್ರ ಮಾಸದೊಡನೆ ಅಲ್ಲ, ಚಾಂದ್ರಮಾಸದೊಡನೆ. ಸೂರ್ಯನ ದಿಕ್ಕೂ ಲೆಕ್ಕಕ್ಕೆ ಬರುವುದರಿಂದ ನೌಕೆ ಭೂಮಿಯ ನೆರಳಿಗೆ ಸಿಗದಂತೆ ಕಾಲ ಹೊಂದಿಸಲು ಸಾಧ್ಯವಾಗುತ್ತದೆ.

ದೂರದ ಹಿಮ್ಮುಖ ಕಕ್ಷೆಗಳು: ಚಂದ್ರನಿಂದ ಹತ್ತಾರು ಸಾವಿರ ಕಿ.ಮೀ. ದೂರದಲ್ಲಿ, ಚಂದ್ರ ಭೂಮಿಯನ್ನು ಸುತ್ತುವ ದಿಕ್ಕಿಗೆ ಎದುರಾಗಿ ತಿರುಗುವ ಕಕ್ಷೆಗಳು. ಸುಮಾರು 70,000 ಕಿ.ಮೀ. ದೂರದ ಇಂಥ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 14 ದಿನ ಬೇಕು. ಇವು ಬಹುಮಟ್ಟಿಗೆ ಸ್ಥಿರ.

ಚಂದ್ರನ ಸಮೀಪ ಕಕ್ಷೆಗಳು: 100 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 118 ನಿಮಿಷ ಹಿಡಿಯುತ್ತದೆ. ಚಂದ್ರ ತನ್ನ ಅಕ್ಷದಲ್ಲಿ ಒಮ್ಮೆ ತಿರುಗುವುದರೊಳಗೆ ಸುಮಾರು 334 ಸುತ್ತುಗಳಾಗುತ್ತವೆ. ಪ್ರತಿ ಸುತ್ತಿಗೆ ಕೆಳಗಿನ ನೆಲ ಸಮಭಾಜಕದಲ್ಲಿ ಸುಮಾರು 33 ಕಿ.ಮೀ. ಸರಿಯುತ್ತದೆ. ಸುತ್ತುಗಳ ಸಂಖ್ಯೆ ಪೂರ್ಣಾಂಕಕ್ಕೆ ಬರುವಂತೆ ಎತ್ತರವನ್ನು ಹೊಂದಿಸಿದರೆ ನೌಕೆ ತಿಂಗಳಿಗೊಮ್ಮೆ ಅದೇ ನೆಲದ ಮೇಲೆ ಹಾಯುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಚಿತ್ರಿಸಲು ಇದು ಅನುಕೂಲ.

ಬಳಕೆ

ದೂರದರ್ಶಕ ನೌಕೆಗಳು: 2018ರ ಏಪ್ರಿಲ್ 18ರಂದು ಉಡಾವಣೆಯಾದ ನಾಸಾದ ಟೆಸ್ ನೌಕೆ 2:1ರ ಸ್ಥಿರ ಕಕ್ಷೆಯನ್ನು ಬಳಸಿದೆ. ಮೇ 17ರಂದು ಚಂದ್ರನಿಂದ ಸುಮಾರು 8,000 ಕಿ.ಮೀ. ದೂರದಲ್ಲಿ ಹಾದು, ಆ ನೆರವಿನಿಂದಲೇ ಕಕ್ಷೆಯ ಓರೆಕೋನವನ್ನು ಹೆಚ್ಚಿಸಿಕೊಂಡಿತು. ಅದರ ಸಮೀಪ ಬಿಂದು ಭೂಮಿಯ ತ್ರಿಜ್ಯದ ಸುಮಾರು 17 ಪಟ್ಟು, ದೂರ ಬಿಂದು 59 ಪಟ್ಟು ದೂರದಲ್ಲಿದೆ. ಭೂಮಿಯ ವಿಕಿರಣ ಪಟ್ಟಿಗಳಿಗೆ ಅದು ಇಳಿಯುವುದಿಲ್ಲ. ಸುತ್ತಿನ ಬಹುಭಾಗ ಆಕಾಶ ವೀಕ್ಷಣೆಗೆ ಮೀಸಲು. ಸಮೀಪ ಬಿಂದುವಿಗೆ ಬಂದಾಗ ಸಂಗ್ರಹಿಸಿದ ದತ್ತಾಂಶವನ್ನು ಭೂಮಿಗೆ ಕಳುಹಿಸುತ್ತದೆ. 2008ರ ಅಕ್ಟೋಬರ್‌ನಲ್ಲಿ ಉಡಾವಣೆಯಾಗಿದ್ದ ಐಬೆಕ್ಸ್ ನೌಕೆಯನ್ನು 2011ರ ಜೂನ್‌ನಲ್ಲಿ 3:1ರ ಕಕ್ಷೆಗೆ ತಂದದ್ದರಿಂದ ಅದರ ಪಥ ದೀರ್ಘಕಾಲಕ್ಕೆ ಸ್ಥಿರವಾಯಿತು.

ಭೂಕಾಂತೀಯ ಅಧ್ಯಯನ: ಸೂರ್ಯನಿಗೆ ವಿರುದ್ಧ ದಿಕ್ಕಿನಲ್ಲಿ ಚಾಚಿರುವ ಭೂಮಿಯ ಕಾಂತೀಯ ಬಾಲವು ಸೂರ್ಯನ ಜೊತೆಗೆ ದಿನಕ್ಕೆ ಸುಮಾರು ಒಂದು ಡಿಗ್ರಿ ತಿರುಗುತ್ತದೆ. ನೌಕೆಯ ಕಕ್ಷೆ ತಾನಾಗಿ ಹಾಗೆ ತಿರುಗುವುದಿಲ್ಲ. 1992ರ ಜುಲೈನಲ್ಲಿ ಉಡಾವಣೆಯಾದ ಜಪಾನಿನ ಜಿಯೋಟೇಲ್ ನೌಕೆಯ ಕಕ್ಷೆಯನ್ನು ಚಂದ್ರನ ಜೋಡಿ ಫ್ಲೈಬೈಗಳಿಂದ ಮತ್ತೆ ಮತ್ತೆ ತಿರುಗಿಸಿ, ದೂರ ಬಿಂದು ಸದಾ ಬಾಲದ ಕಡೆಗೇ ಇರುವಂತೆ ನೋಡಿಕೊಳ್ಳಲಾಯಿತು.

ಕಡಿಮೆ ಇಂಧನದ ಪ್ರಯಾಣ: ಜಪಾನಿನ ಹಿಟೆನ್ (1990) ಚಂದ್ರನ ಫ್ಲೈಬೈಗಳನ್ನು ಅಭ್ಯಾಸ ಮಾಡಿ, ಎಡ್ವರ್ಡ್ ಬೆಲ್‌ಬ್ರೂನೊ ಮತ್ತು ಜೇಮ್ಸ್ ಮಿಲ್ಲರ್ ಸೂಚಿಸಿದ ಕಡಿಮೆ ಶಕ್ತಿಯ ದಾರಿಯಲ್ಲಿ ಚಂದ್ರನನ್ನು ತಲಪಿತು. ಯುರೋಪಿನ ಸ್ಮಾರ್ಟ್-1 ನೌಕೆ 2003ರ ಸೆಪ್ಟೆಂಬರ್ 27ರಂದು ಏರಿಯಾನ್-5 ರಾಕೆಟ್‌ನಲ್ಲಿ ಹೊರಟಿತು. ಅದೇ ರಾಕೆಟ್‌ನಲ್ಲಿ ಇಸ್ರೋದ ಇನ್ಸಾಟ್-3ಇ ಸಂಪರ್ಕ ಉಪಗ್ರಹವೂ ಇತ್ತು. ಸ್ಮಾರ್ಟ್-1ರ ಅಯಾನು ಎಂಜಿನ್‌ನ ನೂಕುಬಲ ಅತ್ಯಲ್ಪ. ಹಲವು ತಿಂಗಳು ಸುರುಳಿಯಾಗಿ ಕಕ್ಷೆ ಹಿಗ್ಗಿಸಿಕೊಂಡ ನೌಕೆ, 2004ರ ಆಗಸ್ಟ್, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಸುಮಾರು 27 ದಿನಗಳ ಅಂತರದಲ್ಲಿ ಚಂದ್ರನ ಅನುರಣನ ಸೆಳೆತ ಪಡೆದು, ನವೆಂಬರ್ 15ರಂದು ಚಂದ್ರಕಕ್ಷೆಗೆ ಸೇರಿತು.

ಮಾನವಸಹಿತ ಯಾನಗಳ ಸಿದ್ಧತೆ: ಸುಮಾರು 25 ಕೆ.ಜಿ. ತೂಕದ ಕ್ಯಾಪ್‌ಸ್ಟೋನ್ 2022ರ ಜೂನ್ 28ರಂದು ನ್ಯೂಜಿಲೆಂಡಿನಿಂದ ಹೊರಟು, ನವೆಂಬರ್ 13ರಂದು 9:2ರ ಹೇಲೊ ಕಕ್ಷೆಯನ್ನು ಸೇರಿದ ಮೊದಲ ನೌಕೆಯಾಯಿತು. ಗೇಟ್‌ವೇ ಎಂಬ ಚಂದ್ರ ನಿಲ್ದಾಣಕ್ಕೆ ನಾಸಾ ಆಯ್ದಿದ್ದು ಇದೇ ಕಕ್ಷೆಯನ್ನು. ನಾಸಾದ ಆರ್ಟೆಮಿಸ್-1 ಯಾನದ ಓರಿಯನ್ ನೌಕೆ 2022ರ ನವೆಂಬರ್ 25ರಿಂದ ಡಿಸೆಂಬರ್ 1ರವರೆಗೆ ದೂರದ ಹಿಮ್ಮುಖ ಕಕ್ಷೆಯಲ್ಲಿತ್ತು.

ಭಾರತದ ಅನುಭವ: ಚಂದ್ರಯಾನ-3ರ ನೋದನ ಘಟಕ

ಚಂದ್ರಯಾನ-3 ಶ್ರೀಹರಿಕೋಟಾದಿಂದ 2023ರ ಜುಲೈ 14ರಂದು ಹೊರಟು ಆಗಸ್ಟ್ 5ರಂದು ಚಂದ್ರಕಕ್ಷೆ ಸೇರಿತು. ಆಗಸ್ಟ್ 17ರಂದು ನೋದನ ಘಟಕದಿಂದ ಬೇರೆಯಾದ ವಿಕ್ರಮ್ ಲ್ಯಾಂಡರ್ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಲ್ಯಾಂಡರನ್ನು ತಲಪಿಸುವುದು ನೋದನ ಘಟಕದ ಮುಖ್ಯ ಕೆಲಸವಾಗಿತ್ತು. ಭೂಮಿಯನ್ನು ದೂರದಿಂದ ಗಮನಿಸುವ ಶೇಪ್ ಎಂಬ ಉಪಕರಣವೂ ಅದರಲ್ಲಿತ್ತು. ಕೆಲಸ ಮುಗಿದಾಗ ಘಟಕದಲ್ಲಿ 100 ಕೆ.ಜಿ.ಗೂ ಹೆಚ್ಚು ಇಂಧನ ಉಳಿದಿತ್ತು. ಅದನ್ನು ಚಂದ್ರನಿಂದ ಭೂಮಿಯ ಕಡೆಗೆ ಮರಳುವ ಪ್ರಯೋಗಕ್ಕೆ ಬಳಸಲು ಇಸ್ರೋ ತೀರ್ಮಾನಿಸಿತು. ಘಟಕ ಚಂದ್ರನಿಗೆ ಅಪ್ಪಳಿಸಬಾರದು, ಭೂಸ್ಥಿರ ಉಪಗ್ರಹಗಳಿರುವ ಸುಮಾರು 36,000 ಕಿ.ಮೀ. ಎತ್ತರದ ಪಟ್ಟಿಗೂ ಅದಕ್ಕಿಂತ ಕೆಳಕ್ಕೂ ಬರಬಾರದು ಎಂಬುದು ಪಥದ ಆಯ್ಕೆಗಿದ್ದ ಷರತ್ತು.

2023ರ ಅಕ್ಟೋಬರ್ 9ರಂದು ಎಂಜಿನ್ ಉರಿಸಿ ಚಂದ್ರನಿಂದ ದೂರ ಬಿಂದುವಿನ ಎತ್ತರವನ್ನು 150 ಕಿ.ಮೀ.ಯಿಂದ 5,112 ಕಿ.ಮೀ.ಗೆ ಏರಿಸಲಾಯಿತು. ಸುತ್ತಿನ ಅವಧಿ 2.1 ಗಂಟೆಯಿಂದ 7.2 ಗಂಟೆಗೆ ಹಿಗ್ಗಿತು. ಅಕ್ಟೋಬರ್ 13ರಂದು ಭೂಮಿಯ ಕಡೆಗಿನ ಪಥಕ್ಕೆ ನೂಕಲಾಯಿತು. ಘಟಕ ನಾಲ್ಕು ಬಾರಿ ಚಂದ್ರನ ಬಳಿ ಹಾದು ನವೆಂಬರ್ 10ರಂದು ಪ್ರಭಾವ ವಲಯದಿಂದ ಹೊರಬಂದು, ನವೆಂಬರ್ 22ರಂದು ಭೂಮಿಯಿಂದ 1.54 ಲಕ್ಷ ಕಿ.ಮೀ. ಎತ್ತರದ ಸಮೀಪ ಬಿಂದುವನ್ನು ದಾಟಿತು. ಆಗ ಸುತ್ತಿನ ಅವಧಿ ಸುಮಾರು 13 ದಿನ, ಓರೆಕೋನ 27 ಡಿಗ್ರಿ.

ಈ ಅವಧಿ 2:1ರ ಅನುರಣನಕ್ಕೆ ಬೇಕಾದ 13.66 ದಿನಗಳಿಗೆ ಹತ್ತಿರವಿದ್ದರೂ ಸಮವಲ್ಲ. ಅವಧಿಯನ್ನು 13 ದಿನವೆಂದೇ ಹಿಡಿದರೆ ಎರಡು ಸುತ್ತಿಗೆ 26 ದಿನ ಆಗುತ್ತದೆ. ಆಗ ಚಂದ್ರ ತನ್ನ ಸುತ್ತು ಮುಗಿಸಲು ಇನ್ನೂ 1.32 ದಿನ, ಕೋನದ ಲೆಕ್ಕದಲ್ಲಿ ಸುಮಾರು 17 ಡಿಗ್ರಿ ಬಾಕಿ ಇರುತ್ತದೆ. ಎರಡೆರಡು ಸುತ್ತಿಗೆ ಇಷ್ಟು ವ್ಯತ್ಯಾಸ ಕೂಡುತ್ತ ಹೋದರೆ ಚಂದ್ರ ಮತ್ತು ನೌಕೆಯ ಸ್ಥಾನಗಳು ನಿಧಾನವಾಗಿ ಸರಿಯುತ್ತವೆ. ಟೆಸ್‌ಗೆ ಇರುವಂಥ 90 ಡಿಗ್ರಿಯ ರಕ್ಷಣೆ ಇಲ್ಲಿ ಇರುವುದಿಲ್ಲ. ಹೀಗಾಗಿ ಇದನ್ನು ಅನುರಣನಕ್ಕೆ ಹತ್ತಿರದ ಕಕ್ಷೆಯೆಂದು ವರ್ಗೀಕರಿಸಬಹುದೇ ಹೊರತು ಸ್ಥಿರ ಅನುರಣನ ಕಕ್ಷೆಯೆಂದಲ್ಲ.

2025ರ ನವೆಂಬರ್ 4ರಂದು ಘಟಕ ಮತ್ತೆ ಚಂದ್ರನ ಪ್ರಭಾವ ವಲಯವನ್ನು ಹೊಕ್ಕಿತು. ನವೆಂಬರ್ 6ರಂದು 3,740 ಕಿ.ಮೀ. ಹಾಗೂ ವಿಶ್ವ ಕಾಲಮಾನದಂತೆ ನವೆಂಬರ್ 11ರಂದು 4,537 ಕಿ.ಮೀ. ದೂರದಲ್ಲಿ ಚಂದ್ರನನ್ನು ಹಾದು, ನವೆಂಬರ್ 14ರಂದು ವಲಯದಿಂದ ಹೊರಬಂದಿತು. ಈ ಎರಡು ಫ್ಲೈಬೈಗಳಿಂದ ಸುಮಾರು 1 ಲಕ್ಷ ಮತ್ತು 3 ಲಕ್ಷ ಕಿ.ಮೀ.ಗಳ ನಡುವೆ ಇದ್ದ ಕಕ್ಷೆ 4.09 ಲಕ್ಷ ಮತ್ತು 7.27 ಲಕ್ಷ ಕಿ.ಮೀ.ಗಳ ನಡುವಿನದಾಯಿತು. ಓರೆಕೋನ 34 ಡಿಗ್ರಿಯಿಂದ 22 ಡಿಗ್ರಿಗೆ ಇಳಿಯಿತು. ಹೊಸ ಅಳತೆಗಳ ಪ್ರಕಾರ ಒಂದು ಸುತ್ತಿಗೆ ಸುಮಾರು 50 ದಿನ ಬೇಕು.

ಬ್ಯಾಲಾಳು ನೆಲೆ ಮತ್ತು ಗೋಚರ ಅವಧಿ

ಚಂದ್ರಯಾನಗಳ ಪಥ ಲೆಕ್ಕಾಚಾರ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲೂ, ನಿಯಂತ್ರಣ ಇಸ್ಟ್ರಾಕ್ ಕೇಂದ್ರದಲ್ಲೂ ನಡೆಯುತ್ತದೆ. ಸಂಕೇತಗಳನ್ನು ಕಳುಹಿಸಿ ಪಡೆಯುವ ಭಾರತೀಯ ದೂರವ್ಯೋಮ ಜಾಲದ ಆಂಟೆನಾಗಳು ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಮೈಸೂರು ರಸ್ತೆಯ ಬಿಡದಿಗೆ ಉತ್ತರದಲ್ಲಿರುವ ಬ್ಯಾಲಾಳಿನಲ್ಲಿವೆ. ಚಂದ್ರಯಾನ-1ಕ್ಕಾಗಿ 2008ರಲ್ಲಿ ಸಿದ್ಧವಾದ ಈ ನೆಲೆಯ ಮುಖ್ಯ ಆಂಟೆನಾಗಳ ವ್ಯಾಸ 32 ಮತ್ತು 18 ಮೀಟರ್. ಸಂಕೇತ ಹೋಗಿಬರುವ ಕಾಲದಿಂದ ನೌಕೆಯ ದೂರವನ್ನೂ, ಅದರ ಆವರ್ತಾಂಕದ ಏರಿಳಿತದಿಂದ ವೇಗವನ್ನೂ ಅಳೆಯುತ್ತಾರೆ. ಚಂದ್ರನ ಸರಾಸರಿ ದೂರಕ್ಕೆ ಸಂಕೇತ ತಲಪಲು 1.28 ಸೆಕೆಂಡು ಬೇಕು.

ಬ್ಯಾಲಾಳಿನ ಬಾನಿಗೂ ನೆರೆಯ ಮಂಡ್ಯ ಜಿಲ್ಲೆಯ ಬಾನಿಗೂ ಇರುವ ವ್ಯತ್ಯಾಸ ಅತ್ಯಲ್ಪ. ಮಂಡ್ಯ, ಮದ್ದೂರು, ಮಳವಳ್ಳಿ ಉತ್ತರ ಅಕ್ಷಾಂಶ 12.4ರಿಂದ 12.6 ಡಿಗ್ರಿಗಳ ನಡುವೆ, ಬ್ಯಾಲಾಳಿನಿಂದ ನೇರ ದೂರದಲ್ಲಿ ಸುಮಾರು 50ರಿಂದ 70 ಕಿ.ಮೀ. ಒಳಗೆ ಇವೆ. ಮಂಡ್ಯದಲ್ಲಿ ಚಂದ್ರ ಹುಟ್ಟುವುದು ಬ್ಯಾಲಾಳಿಗಿಂತ ಸುಮಾರು ಎರಡು ನಿಮಿಷ ತಡ. ಆದ್ದರಿಂದ ಚಂದ್ರನ ಬಳಿಯಿರುವ ನೌಕೆ ಬ್ಯಾಲಾಳಿನ ಆಂಟೆನಾಕ್ಕೆ ಸಿಗುವ ಹೊತ್ತು, ಈ ಮೂರು ಊರುಗಳಲ್ಲಿ ಚಂದ್ರ ದಿಗಂತದ ಮೇಲಿರುವ ಹೊತ್ತು, ಎರಡೂ ಬಹುತೇಕ ಒಂದೇ: ದಿನಕ್ಕೆ ಸುಮಾರು 12 ಗಂಟೆ. ಈ ಹೊತ್ತು ದಿನವೂ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. 2025ರ ನವೆಂಬರ್ 5 ಹುಣ್ಣಿಮೆ. ಮರುದಿನ ಹಗಲು ಚಂದ್ರ ದಿಗಂತದ ಕೆಳಗಿದ್ದಾಗ ನೋದನ ಘಟಕದ ಮೊದಲ ಫ್ಲೈಬೈ ನಡೆದದ್ದರಿಂದ ಅದು ಬ್ಯಾಲಾಳಿಗೆ ಗೋಚರಿಸಲಿಲ್ಲ. ಎರಡನೆಯದು ಗೋಚರ ಅವಧಿಯಲ್ಲಿ ನಡೆಯಿತು. ದಿನದ ಉಳಿದ ಹೊತ್ತಿಗೆ ಬೇರೆ ದೇಶಗಳ ನೆಲೆಗಳ ನೆರವು ಬೇಕು. ಚಂದ್ರಯಾನ-3ಕ್ಕೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಮತ್ತು ನಾಸಾದ ಆಂಟೆನಾಗಳು ಈ ನೆರವನ್ನು ಕೊಟ್ಟವು.

ಮಿತಿಗಳು

ಚಂದ್ರನ ಕಕ್ಷೆ ಪೂರ್ಣ ವೃತ್ತವಲ್ಲ. ಭೂಮಿಯಿಂದ ಅದರ ದೂರ ಸುಮಾರು 3.63 ಲಕ್ಷದಿಂದ 4.05 ಲಕ್ಷ ಕಿ.ಮೀ.ವರೆಗೆ ಬದಲಾಗುತ್ತದೆ. ಸೂರ್ಯನ ಸೆಳೆತವೂ ಸೇರುತ್ತದೆ. ಹೀಗಾಗಿ ಸರಳ ಅನುಪಾತದಿಂದ ಪಡೆದ ಕಕ್ಷೆಯನ್ನು ನಿಜವಾದ ಚಲನೆಯ ದತ್ತಾಂಶದಿಂದ ತಿದ್ದಬೇಕಾಗುತ್ತದೆ. ಫ್ಲೈಬೈಗೆ ಮುಂಚಿನ ಸಣ್ಣ ತಪ್ಪು ಫ್ಲೈಬೈ ನಂತರ ಹಲವು ಪಟ್ಟು ದೊಡ್ಡದಾಗುತ್ತದೆ. ಯಾವ ಕಕ್ಷೆಯಲ್ಲೇ ಆಗಲಿ, ಭೂಮಿಯ ಅಥವಾ ಚಂದ್ರನ ನೆರಳಿನಲ್ಲಿ ಬಹಳ ಹೊತ್ತು ಸಿಕ್ಕರೆ ಬ್ಯಾಟರಿಗಳ ಮೇಲೆ ಹೊರೆ ಬೀಳುತ್ತದೆ.

ಚಂದ್ರನ ಸಮೀಪ ಕಕ್ಷೆಗಳಿಗೆ ಬೇರೊಂದು ತೊಡಕಿದೆ. ಚಂದ್ರನ ದೊಡ್ಡ ಬಯಲುಗಳ ಕೆಳಗಿರುವ, 1968ರಲ್ಲಿ ಪತ್ತೆಯಾದ, ದಟ್ಟ ದ್ರವ್ಯರಾಶಿಗಳು ಗುರುತ್ವವನ್ನು ಏರುಪೇರಾಗಿಸುತ್ತವೆ. ಅಪೊಲೊ-16 ಯಾನಿಗಳು 1972ರ ಏಪ್ರಿಲ್ 24ರಂದು ಬಿಟ್ಟ ಕಿರು ಉಪಗ್ರಹ ಇದರಿಂದ 35 ದಿನಗಳಲ್ಲೇ ಚಂದ್ರನಿಗೆ ಬಿತ್ತು. ಕಕ್ಷೆಯ ಓರೆಕೋನವನ್ನು 27, 50, 76 ಅಥವಾ 86 ಡಿಗ್ರಿಗಳ ಆಸುಪಾಸಿನಲ್ಲಿ ಇರಿಸಿದರೆ ಈ ಪರಿಣಾಮ ಬಹಳ ಕಡಿಮೆಯಾಗುತ್ತದೆ. ಇಂಥವನ್ನು ಘನೀಕೃತ ಕಕ್ಷೆಗಳು ಎನ್ನುತ್ತಾರೆ. ಧ್ರುವೀಯ ಕಕ್ಷೆಯಲ್ಲಿದ್ದ ಚಂದ್ರಯಾನ-1ರ ಸಂಪರ್ಕ 2009ರ ಆಗಸ್ಟ್ 29ರಂದು ಕಡಿದಿದ್ದರೂ, ಅದು 2016ರಲ್ಲಿ ಇನ್ನೂ ಚಂದ್ರನನ್ನು ಸುತ್ತುತ್ತಿದ್ದುದು ನಾಸಾದ ರೇಡಾರ್ ವೀಕ್ಷಣೆಯಿಂದ ತಿಳಿಯಿತು.

ಒಂದೇ ಬಗೆಯ ಕಕ್ಷೆಗಳಿಗೆ ಬೇಡಿಕೆ ಹೆಚ್ಚಿದಂತೆ ಡಿಕ್ಕಿಯ ಅಪಾಯವೂ ಇದೆ. ಚಂದ್ರಯಾನ-2ರ ಆರ್ಬಿಟರ್ ಮತ್ತು ನಾಸಾದ ಎಲ್‌ಆರ್‌ಒ ನೌಕೆ ಎರಡೂ ಧ್ರುವಗಳ ಮೇಲೆ ಹಾಯುವುದರಿಂದ ಅಲ್ಲಿ ಪರಸ್ಪರ ಹತ್ತಿರ ಬರುತ್ತವೆ. 2021ರ ಅಕ್ಟೋಬರ್ 20ರಂದು ಇಂಥ ಸಂದರ್ಭ ಎದುರಾಗಲಿತ್ತು. ಇಸ್ರೋ ಎರಡು ದಿನ ಮೊದಲೇ ತನ್ನ ನೌಕೆಯ ಪಥವನ್ನು ಬದಲಿಸಿತು.

ಇಂದಿನ ಸ್ಥಿತಿ

ಅನುರಣನ ಕಕ್ಷೆಗಳ ವಿನ್ಯಾಸ ಈಗ ಚಂದ್ರನೆಡೆಗಿನ ಯಾನಗಳ ಸಾಮಾನ್ಯ ಸಾಧನವಾಗಿದೆ. ಟೆಸ್ ನೌಕೆಯ ಯಶಸ್ಸಿನಿಂದ 2:1ರ ಕಕ್ಷೆ ಖಗೋಳ ವೀಕ್ಷಣೆಗೆ ಒಪ್ಪಿತ ಆಯ್ಕೆಯಾಗಿದೆ. 9:2ರ ಹೇಲೊ ಕಕ್ಷೆಯನ್ನು ಕಾಯ್ದುಕೊಳ್ಳಲು ವರ್ಷಕ್ಕೆ ಸೆಕೆಂಡಿಗೆ 10 ಮೀಟರಿಗಿಂತ ಕಡಿಮೆ ವೇಗ ಬದಲಾವಣೆ ಸಾಕೆಂಬ ಲೆಕ್ಕಾಚಾರವೇ ಆ ಕಕ್ಷೆಯ ಮೇಲಿನ ಆಸಕ್ತಿಗೆ ಮುಖ್ಯ ಕಾರಣ.

ಭಾರತದಲ್ಲಿ ಈ ಅನುಭವ ಮುಂದಿನ ಯಾನಗಳಿಗೆ ಬಳಕೆಯಾಗಲಿದೆ. ಚಂದ್ರನ ಮಣ್ಣಿನ ಮಾದರಿ ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 18ರಂದು ಒಪ್ಪಿಗೆ ಕೊಟ್ಟಿದೆ. ಅನುಮೋದಿತ ವೆಚ್ಚ 2,104.06 ಕೋಟಿ ರೂಪಾಯಿ. ಇದುವರೆಗೆ ಭಾರತದ ಯಾವ ನೌಕೆಯನ್ನೂ 2:1 ಅಥವಾ 9:2ರಂಥ ನಿಖರ ಅನುಪಾತದಲ್ಲಿ ನೆಲೆಗೊಳಿಸಿಲ್ಲ. ಆದರೆ ಚಂದ್ರಕಕ್ಷೆಯಿಂದ ಭೂಮಿಯ ಕಡೆಗೆ ಹೊರಡುವುದು, ಫ್ಲೈಬೈಗಳ ನಡುವಿನ ಪಥವನ್ನು ಮುಂಗಾಣುವುದು, ಕಕ್ಷೆಯನ್ನು ಭೂಸ್ಥಿರ ಪಟ್ಟಿಯಿಂದ ದೂರವಿಡುವುದು ಎಂಬ ಮೂರು ಕೆಲಸಗಳ ಪ್ರಾಯೋಗಿಕ ಅನುಭವ ಚಂದ್ರಯಾನ-3ರ ನೋದನ ಘಟಕದಿಂದ ದೊರೆತಿದೆ. ಅವುಗಳಲ್ಲಿ ಮೊದಲನೆಯದು ಮಾದರಿ ತರುವ ಯಾನಕ್ಕೆ ಅನಿವಾರ್ಯವಾದ ಹಂತ.